ಕ್ಯಾಲಿಪರ್ ಬದಲಿಸದೆ ಪಾರ್ಕಿಂಗ್ ಬ್ರೇಕ್ ಸರಿಮಾಡಿದ ಗ್ಯಾರೇಜ್

ನನ್ನ ಕಾರಿನ ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕಿನ ಗುಂಡಿ ಎಳೆದರೆ ಹಿಂದಿನ ಎಡಚಕ್ರದಲ್ಲಿ ಮಾತ್ರ ಮೋಟಾರಿನ ಸದ್ದು, ಬಲಚಕ್ರ ನಿಶ್ಶಬ್ದ. ಮೊದಲು ತೋರಿಸಿದ ಕಡೆ ಕಾರನ್ನು ಮೇಲೆತ್ತದೆಯೇ ಇಡೀ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಬ್ರೇಕಿನ ಭಾಗ) ಬದಲಿಸಬೇಕೆಂದರು. ಈ ಗ್ಯಾರೇಜಿನವರು ಹಾಗೆ ಅವಸರಪಡಲಿಲ್ಲ.

ಮೊದಲು ಬ್ಯಾಟರಿ ನೋಡಿದರು, ಏಕೆಂದರೆ ವೋಲ್ಟೇಜ್ ಕುಸಿದರೂ ಈ ವ್ಯವಸ್ಥೆ ದೋಷ ತೋರಿಸಬಹುದು. ಕಾರಿನ ದೋಷಗಳನ್ನು ಓದುವ ಸ್ಕ್ಯಾನರಿನಲ್ಲಿ ಬಂದದ್ದು ಬಲಬದಿಯ ಮೋಟಾರ್ ಸರ್ಕ್ಯೂಟ್ ತುಂಡಾಗಿದೆ ಎಂಬ ದೋಷದ ಕೋಡ್. ಸರ್ಕ್ಯೂಟ್ ತುಂಡಾಗಿದೆ ಎಂದರೆ ಮೋಟಾರೇ ಕೆಟ್ಟಿದೆ ಎಂದಲ್ಲ ಎಂಬುದನ್ನು ಮೆಕ್ಯಾನಿಕ್ ತಾಳ್ಮೆಯಿಂದ ವಿವರಿಸಿದರು. ನನಗೆ ಅತ್ಯಂತ ಹಿಡಿಸಿದ್ದು ಇದೇ. ನನ್ನಿಂದ ಗುಂಡಿ ಎಳೆಸುತ್ತ ಕನೆಕ್ಟರಿನ ಹಿಂಬದಿಗೆ ಮಲ್ಟಿಮೀಟರ್ ಹಿಡಿದರು. ಸುಮಾರು 12 ವೋಲ್ಟ್ ಬರಬೇಕಾದಲ್ಲಿ ಏನೂ ಇರಲಿಲ್ಲ. ಮೋಟಾರಿನ ರೋಧ ಸರಿಯಾಗಿಯೇ ಇತ್ತು. ತಂತಿಯನ್ನು ಬೆರಳಿನಿಂದ ತಡವುತ್ತ ಹೋದಾಗ, ಸಸ್ಪೆನ್ಷನ್ ಏರಿಳಿದಾಗಲೆಲ್ಲ ಬಾಗುವ ಜಾಗದಲ್ಲಿ, ಹೊದಿಕೆಯೊಳಗೇ ಅದು ಮುರಿದಿತ್ತು, ತಾಮ್ರ ಹಸಿರುಗಟ್ಟಿತ್ತು.

ಹೊಸ ತಂತಿ ಬೆಸೆದು, ನೀರು ಸೇರದಂತೆ ಮುಚ್ಚಿ, ಕೋಡ್ ಅಳಿಸಿ, ಸ್ಕ್ಯಾನರಿನಿಂದ ಬ್ರೇಕಿನ ಕ್ಯಾಲಿಬ್ರೇಷನ್ (ಅಳತೆ ಹೊಂದಿಸುವಿಕೆ) ಮಾಡಿದರು. ಇಳಿಜಾರಿನಲ್ಲಿ ನಿಲ್ಲಿಸಿ ತೋರಿಸಿದ ಮೇಲೆಯೇ ಕೀಲಿ ಕೊಟ್ಟರು.

ಒಂದೇ ಕೊರತೆ: ಬಿಲ್ಲಿನಲ್ಲಿ ‘ವೈರಿಂಗ್ ಕೆಲಸ’ ಎಂದಷ್ಟೇ ಇದೆ. ಕೋಡ್ ಮತ್ತು ಅಳತೆಗಳನ್ನೂ ಬರೆದುಕೊಡಬೇಕಿತ್ತು. ಮುಂದೆ ಯಾರೇ ಈ ಕಾರನ್ನು ಮುಟ್ಟಿದರೂ ಅವು ಬೇಕಾಗುತ್ತವೆ. ಹಿಂದಿನ ಬ್ರೇಕ್ ಪ್ಯಾಡ್ ಬದಲಿಸುವುದಕ್ಕೂ ಇಲ್ಲಿಗೇ ಬರುತ್ತೇನೆ. ಸರ್ವಿಸ್ ಮೋಡಿಗೆ, ಅಂದರೆ ಮೋಟಾರಿನಿಂದಲೇ ಬ್ರೇಕನ್ನು ಪೂರ್ತಿ ಸಡಿಲಿಸುವ ಸ್ಥಿತಿಗೆ, ಹಾಕದೆ ಪ್ಯಾಡ್ ತಳ್ಳುವ ಪಿಸ್ಟನ್ ಒತ್ತಿ ಒಳಗಿನ ಸ್ಕ್ರೂ ಹಾಳುಮಾಡುವವರಲ್ಲ ಇವರು.