ಜೆಕ್ಯೂ ಬಳಸಿ ಕಾನ್ಫಿಗ್ ತಿದ್ದುವವರು ಮೊದಲು ಅದರ ಆವೃತ್ತಿ ನೋಡಿಕೊಳ್ಳಿ

ನಮ್ಮ ಸರ್ವಿಸ್‌ನ ಸೆಟ್ಟಿಂಗ್‌ಗಳಿರುವ ಒಂದು ಜೇಸನ್ (JSON) ಕಾನ್ಫಿಗ್ ಕಡತದಲ್ಲಿ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಮಿತಿ) ಅನ್ನು 30ರಿಂದ 60ಕ್ಕೆ ಏರಿಸಬೇಕಿತ್ತು. ಕೈಯಿಂದ ತಿದ್ದಿದರೆ ಎಲ್ಲಾದರೂ ಅಲ್ಪವಿರಾಮ ತಪ್ಪೀತು ಎಂದು ಕಮಾಂಡ್ ಲೈನ್‌ನಲ್ಲಿ, ಜೇಸನ್ ಓದಿ ತಿದ್ದುವ ಉಪಕರಣವಾದ ಜೆಕ್ಯೂ (jq) ಓಡಿಸಿದೆ. ಫಲಿತಾಂಶವನ್ನು ತಾತ್ಕಾಲಿಕ ಕಡತಕ್ಕೆ ಬರೆದು, ಆಮೇಲೆ ಹಳೆಯದರ ಜಾಗಕ್ಕೆ ಸರಿಸಿದೆ. (ಓದುತ್ತಿರುವ ಕಡತಕ್ಕೇ ನೇರವಾಗಿ ಫಲಿತಾಂಶ ಬರೆಸಲು '>' ಹಾಕಿದರೆ, ಜೆಕ್ಯೂ ಅದನ್ನು ತೆರೆಯುವ ಮೊದಲೇ, ಆದೇಶಗಳನ್ನು ನಡೆಸುವ ಶೆಲ್ ಖಾಲಿ ಮಾಡಿಬಿಡುತ್ತದೆ. ಅಷ್ಟು ಎಚ್ಚರ ನನಗಿತ್ತು.) ದೋಷದ ಸಂದೇಶ ಒಂದೂ ಬರಲಿಲ್ಲ. ಸರ್ವಿಸ್ ಮತ್ತೆ ಶುರು ಮಾಡಿದ್ದೇ ತಡ, ಬಂದ ವಿನಂತಿಗಳೆಲ್ಲ ಖಾತೆ ಸಿಗಲಿಲ್ಲವೆಂದು ತಿರಸ್ಕೃತವಾಗತೊಡಗಿದವು.

ನಾನು ಮುಟ್ಟಿದ್ದು ಟೈಮ್‌ಔಟ್ ಒಂದನ್ನೇ. ಬ್ಯಾಕಪ್ ಜೊತೆ ಡಿಫ್ (ಎರಡು ಕಡತಗಳ ವ್ಯತ್ಯಾಸ ತೋರಿಸುವ ಆದೇಶ) ಹಾಕಿದರೆ ಹೆಚ್ಚುಕಡಿಮೆ ಎಲ್ಲ ಸಾಲುಗಳೂ ಬದಲಾದಂತೆ ಕಂಡವು. ನಮ್ಮ ಕಡತದಲ್ಲಿದ್ದ ಸಾಲಿನ ಮೊದಲಿನ ನಾಲ್ಕು ಸ್ಪೇಸ್ ಇಂಡೆಂಟನ್ನು ಜೆಕ್ಯೂ ತನ್ನ ರೂಢಿಯಂತೆ ಎರಡಕ್ಕೆ ಇಳಿಸಿತ್ತು. ಆ ಗೊಂದಲ ತೊಲಗಲೆಂದು ಎರಡೂ ಕಡತಗಳನ್ನು ಜೆಕ್ಯೂ ಮೂಲಕವೇ ಹಾಯಿಸಿ ಹೋಲಿಸಿದೆ. ಟೈಮ್‌ಔಟ್ ಬಿಟ್ಟರೆ ಒಂದಕ್ಷರವೂ ವ್ಯತ್ಯಾಸವಿಲ್ಲ! ಕಡತ ಸರಿಯಿದೆ ಎಂದು ನಂಬಿ, ನೆಟ್‌ವರ್ಕ್, ಕೀ, ಅನುಮತಿ ಎಂದು ಮೂರು ಗಂಟೆ ಸಂಬಂಧವಿಲ್ಲದ ಕಡೆಯೆಲ್ಲ ಜಾಲಾಡಿದೆ.

ಕೊನೆಗೆ ಎರಡೂ ಕಡತಗಳನ್ನು ಅಕ್ಕಪಕ್ಕ ಇಟ್ಟು ಬೆರಳಿಟ್ಟು ಓದಿದಾಗ ಸಿಕ್ಕಿತು. ಬ್ಯಾಕಪ್‌ನಲ್ಲಿ ಖಾತೆ ಸಂಖ್ಯೆ 9314620758136427. ಹೊಸ ಕಡತದಲ್ಲಿ 9314620758136428.

ಜೆಕ್ಯೂ 1.6 ತಾನು ಓದುವ ಪ್ರತಿ ಸಂಖ್ಯೆಯನ್ನೂ 64 ಬಿಟ್‌ನ ಫ್ಲೋಟಿಂಗ್ ಪಾಯಿಂಟ್ ರೂಪಕ್ಕೆ ತಿರುಗಿಸುತ್ತದೆ. 9007199254740992ರ ಆಚೆ ಆ ರೂಪದಲ್ಲಿ ಎಲ್ಲ ಪೂರ್ಣಾಂಕಗಳಿಗೂ ಜಾಗವಿಲ್ಲ. ಹತ್ತಿರದ ಇನ್ನೊಂದು ಸಂಖ್ಯೆ ಬಂದು ಕೂರುತ್ತದೆ. ನಾವು ಆ ಸಾಲನ್ನು ತಿದ್ದಲು ಹೇಳಿಲ್ಲ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ನನ್ನ ಹೋಲಿಕೆಯೂ ಅದಕ್ಕೇ ಕೈಕೊಟ್ಟಿತು: ಹಳೆಯದೂ ಹೊಸದೂ ಅದೇ ಜರಡಿ ಹಾದು ಬಂದಿದ್ದವು, ವ್ಯತ್ಯಾಸ ಉಳಿಯುವುದಾದರೂ ಹೇಗೆ?

2023ರಲ್ಲಿ ಬಂದ 1.7, ನಾವು ಮುಟ್ಟದ ಸಂಖ್ಯೆಯನ್ನು ಇದ್ದಂತೆಯೇ ಉಳಿಸುತ್ತದೆ. ಆದರೆ ಅದರ ಮೇಲೆ ಕೂಡುವ, ಕಳೆಯುವ ಲೆಕ್ಕ ಮಾಡಿಸಿದರೆ ಅಲ್ಲಿಯೂ ಇದೇ ಕಥೆ. ಸರ್ವಿಸ್ ಒಪ್ಪುವುದಾದರೆ ಇಂತಹ ಗುರುತಿನ ಸಂಖ್ಯೆಗಳನ್ನು ಉದ್ಧರಣ ಚಿಹ್ನೆಯೊಳಗೆ ಪಠ್ಯವಾಗಿಯೇ ಇಡಿ. ಜೆಕ್ಯೂನ ಇಂಡೆಂಟ್ ಆಯ್ಕೆಗೆ 4 ಕೊಟ್ಟು ಮೂಲದ ಜೋಡಣೆ ಉಳಿಸಿಕೊಳ್ಳಿ. ಹೋಲಿಸುವಾಗ ಕಡತಗಳನ್ನು ಮತ್ತೆ ಜೆಕ್ಯೂ ಮೂಲಕ ಹಾಯಿಸದೆ, ಸ್ಪೇಸ್ ಕಡೆಗಣಿಸುವ ಡಿಫ್ ಆಯ್ಕೆಯೊಂದಿಗೆ ಹೋಲಿಸಿ.

ಆವೃತ್ತಿಯನ್ನು ಕಡತ ಇರುವ ಯಂತ್ರದಲ್ಲೇ ನೋಡಿ. ಇದೇ ಆದೇಶವನ್ನು ನಾನು ಮೊದಲು ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷಿಸಿದ್ದೆ, ಎಲ್ಲವೂ ಸರಿಯಾಗಿತ್ತು. ಅಲ್ಲಿದ್ದದ್ದು 1.7, ಸರ್ವರ್‌ನಲ್ಲಿದ್ದದ್ದು 1.6.