ಹೊಲಿಗೆಯ ಜಾಗದಲ್ಲೇ ಮಡಿಕೆ: ಮಡಚುವ ಪರದೆಯ ಲ್ಯಾಪ್‌ಟಾಪ್ ಜೊತೆ ಎರಡು ಮಳೆಗಾಲ

ತೀರ್ಥಹಳ್ಳಿಗೆ ಹತ್ತಿರದ ಹಳ್ಳಿಯೊಂದರಲ್ಲಿ ಕುಳಿತು ಕನ್ನಡ ಪುಸ್ತಕಗಳ ಪುಟವಿನ್ಯಾಸ ಮಾಡುವುದು ನನ್ನ ಕಸುಬು. ಕಥಾಸಂಕಲನ, ಅಭಿನಂದನ ಗ್ರಂಥ, ಸಹಕಾರ ಸಂಘದ ವಾರ್ಷಿಕ ವರದಿ, ಊರ ದೇವಸ್ಥಾನದ ಸ್ಮರಣ ಸಂಚಿಕೆ, ಹೀಗೆ ಬಂದದ್ದನ್ನೆಲ್ಲ ಮಾಡುತ್ತೇನೆ. ಪರದೆಯನ್ನೇ ನಡುವೆ ಮಡಚಬಹುದಾದ ಹದಿನೇಳು ಇಂಚಿನ ಲ್ಯಾಪ್‌ಟಾಪೊಂದನ್ನು ಬಳಸಲು ತೊಡಗಿ ಎರಡು ವರ್ಷ ದಾಟಿತು. ವಿದೇಶದಿಂದ ಮರಳಿದ ನೆಂಟರೊಬ್ಬರು ಕೆಲವು ತಿಂಗಳು ಬಳಸಿ ಬೇಡವೆಂದು ಬಿಟ್ಟದ್ದನ್ನು, ಹೊಸದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಕೊಂಡೆ. ಅದು ಯಾವ ಕಂಪನಿಯದೆಂದು ಇಲ್ಲಿ ಬರೆಯುವುದಿಲ್ಲ. ಒಂದೇ ಯಂತ್ರದ, ಅದೂ ಕೈಬದಲಾದ ಯಂತ್ರದ ಗುಣದೋಷಗಳನ್ನು ಕಂಪನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ.

ಕೊಳ್ಳುವ ಮೊದಲು ನಾನು ನೋಡಿದ್ದು ಒಂದೇ ಒಂದು ಅಳತೆಯನ್ನು. ಕನ್ನಡದ ಪುಸ್ತಕಗಳಲ್ಲಿ ಬಹಳಷ್ಟು ಡೆಮಿ 1/8 ಆಕಾರದಲ್ಲಿ ಬರುತ್ತವೆ, ಅಂದರೆ ಪುಟದ ಅಗಲ 5.5 ಇಂಚು, ಎತ್ತರ 8.5 ಇಂಚು. ತೆರೆದಿಟ್ಟ ಪುಸ್ತಕದ ಎದುರುಬದುರು ಪುಟಗಳೆರಡೂ ಸೇರಿದರೆ 11 ಇಂಚು ಅಗಲವಾಗುತ್ತದೆ. ಪರದೆಯ ಇಂಚುಗಳನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ; ಸಾಮಾನ್ಯ 14 ಇಂಚಿನ ಲ್ಯಾಪ್‌ಟಾಪ್ ಪರದೆಯ ಎತ್ತರ ಏಳೂವರೆ ಇಂಚನ್ನೂ ಮುಟ್ಟುವುದಿಲ್ಲವಾದ್ದರಿಂದ ಪುಟವನ್ನು ಕುಗ್ಗಿಸಿಯೇ ನೋಡಬೇಕು, ಕುಗ್ಗಿಸಿದ ಪುಟದಲ್ಲಿ ಒತ್ತಕ್ಷರದ ಕಾಲು ಕೆಳಗಿನ ಸಾಲಿನ ಗುಡಿಸಿಗೆ ತಾಗಿದ್ದು ಕಣ್ಣಿಗೆ ಬೀಳುವುದಿಲ್ಲ. 4:3 ಅನುಪಾತದ 17.3 ಇಂಚಿನ ಪರದೆಯನ್ನು ಪೂರ್ತಿ ಬಿಚ್ಚಿದರೆ ಸುಮಾರು 13.8 ಇಂಚು ಅಗಲವೂ 10.4 ಇಂಚು ಎತ್ತರವೂ ಸಿಗುತ್ತವೆ. ಎರಡು ಪುಟಗಳು ಅಚ್ಚಾದ ಮೇಲೆ ಕೈಗೆ ಬರುವ ಗಾತ್ರದಲ್ಲೇ ನಿಲ್ಲುತ್ತವೆ, ಮೇಲೆ ಸಲಕರಣೆಗಳ ಪಟ್ಟಿಗೂ ಜಾಗ ಉಳಿಯುತ್ತದೆ.

ಈ ಅಳತೆಗೋಲು ಹಿಡಿದು ಹೊರಟರೆ ಮಾರುಕಟ್ಟೆಗೆ ಬಂದ ಯಂತ್ರಗಳು ತಾವಾಗಿಯೇ ಬೇರ್ಪಡುತ್ತವೆ. 2020ರಲ್ಲಿ ಬಂದ ಲೆನೊವೊದ ಮೊದಲ ಥಿಂಕ್‌ಪ್ಯಾಡ್ ಎಕ್ಸ್‌ 1 ಫೋಲ್ಡ್ ಒಂದು ಕಿಲೋ ಆಸುಪಾಸಿನ ಹಗುರ ಯಂತ್ರವಾದರೂ ಅದರ 13.3 ಇಂಚಿನ ಪರದೆಯಲ್ಲಿ ಡೆಮಿಯ ಎರಡು ಪುಟಗಳಿಗೆ ಅಗಲದಲ್ಲೂ ಎತ್ತರದಲ್ಲೂ ಅರ್ಧ ಇಂಚಿನ ಆಸುಪಾಸು ಕೊರತೆ. 2022ರಲ್ಲಿ ಲೆನೊವೊ ಪ್ರಕಟಿಸಿದ 16.3 ಇಂಚಿನ ಎರಡನೆಯ ಮಾದರಿಯಲ್ಲಿ ಆ ಕೊರತೆ ಇಲ್ಲ. ಅದೇ ವರ್ಷದ ಆಸುಸ್ ಜೆನ್‌ಬುಕ್ 17 ಫೋಲ್ಡ್ 17.3 ಇಂಚಿನದು, ಭಾರತದಲ್ಲಿ ಅದಕ್ಕೆ ಇಟ್ಟ ಬೆಲೆ 3,29,990 ರೂಪಾಯಿ. 2023ರ ಎಚ್‌ಪಿ ಸ್ಪೆಕ್ಟರ್ ಫೋಲ್ಡಬಲ್ ಕೂಡ 17 ಇಂಚಿನದೇ, ಬಿಡುಗಡೆಯಾದಾಗ ಅಮೆರಿಕದಲ್ಲಿ ಅದರ ಬೆಲೆ 4,999 ಡಾಲರ್ ಇತ್ತು. ಎಲ್‌ಜಿ ಗ್ರಾಮ್ ಫೋಲ್ಡ್ ಕೊರಿಯಾದಲ್ಲಿ ಬಂತು. 2025ರಲ್ಲಿ ಚೀನಾದಲ್ಲಿ ಬಿಡುಗಡೆಯಾದ ಹುವಾವೇ ಮೇಟ್‌ಬುಕ್ ಫೋಲ್ಡ್ 18 ಇಂಚಿನದಾದರೂ ಅದು ನಡೆಯುವುದು ಆ ಕಂಪನಿಯದೇ ಕಾರ್ಯಾಚರಣ ವ್ಯವಸ್ಥೆಯಲ್ಲಿ. ಕನ್ನಡ ಬೆರಳಚ್ಚಿನ ‘ನುಡಿ’ಯಿಂದ ಹಿಡಿದು ನನ್ನ ಕೆಲಸದ ತಂತ್ರಾಂಶಗಳೆಲ್ಲ ವಿಂಡೋಸ್‌ನಲ್ಲಿರುವುದರಿಂದ ಅದು ನನಗಲ್ಲ. ಸುರುಳಿಯಿಂದ ಮೇಲಕ್ಕೇಳುವ ಪರದೆಯ ಥಿಂಕ್‌ಬುಕ್ ಪ್ಲಸ್ ಅದೇ ವರ್ಷ ಬಂತು. ಮಲೆನಾಡಿನ ಗಾಳಿಯಲ್ಲಿ ಮೋಟಾರು ನಂಬಿಕೊಂಡು ಪರದೆ ಎತ್ತುವ ಧೈರ್ಯ ನನಗಿಲ್ಲ, ಅಷ್ಟೇ.

ಇನ್ನು ಮಡಿಕೆಯ ಗೆರೆ. ಮಡಚುವ ಯಂತ್ರದ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು ಅದನ್ನೇ. ಗೆರೆ ಇದೆ, ಕಾಣುತ್ತದೆ. ಕಿಟಕಿಗೆ ಅಡ್ಡಲಾಗಿ ಕೂತರೆ ಇನ್ನೂ ಚೆನ್ನಾಗಿ ಕಾಣುತ್ತದೆ, ಬೆರಳಾಡಿಸಿದರೆ ಸಣ್ಣ ತಗ್ಗು ಸಿಗುತ್ತದೆ. ಎರಡು ವರ್ಷದಲ್ಲಿ ಅದು ಒಂದಿಷ್ಟು ಆಳವೂ ಆಗಿದೆ. ಈ ಬಗೆಯ ಪರದೆಯನ್ನು ಗಾಜಿನ ಬದಲು ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ ಹಾಳೆಯ ಮೇಲೆ ಕಟ್ಟಿರುತ್ತಾರೆ. ಮಡಚಿದಾಗ ಒಳಮೈಯ ಪದರಗಳು ಒತ್ತಿಕೊಳ್ಳುತ್ತವೆ, ಹೊರಮೈಯವು ಎಳೆದುಕೊಳ್ಳುತ್ತವೆ, ದಿನವೂ ನಡೆಯುವ ಈ ಎಳೆದಾಟದ ಗುರುತು ಉಳಿಯದೆ ಇರುವುದಿಲ್ಲ. ಆದರೆ ಯಂತ್ರವನ್ನು ಅಡ್ಡಲಾಗಿ ಬಿಚ್ಚಿ ನಿಲ್ಲಿಸಿದಾಗ ಈ ಗೆರೆ ಪರದೆಯ ನಟ್ಟನಡುವೆ ಮೇಲಿನಿಂದ ಕೆಳಕ್ಕೆ ಬರುತ್ತದೆ. ನನ್ನ ಪುಟಗಳಲ್ಲಿ ಆ ಜಾಗ ಯಾವುದು? ಎಡಪುಟ ಮುಗಿದು ಬಲಪುಟ ಶುರುವಾಗುವ, ಬೈಂಡರು ದಾರ ಹಾಕುವ ಜಾಗ. ಅಕ್ಷರವೇ ಬರಬಾರದ ಕಡೆಯಲ್ಲಿ ಗೆರೆ ಬಿದ್ದಿದೆ! ಮೊದಲ ದಿನ ಇದನ್ನು ಕಂಡು ಈ ಯಂತ್ರವನ್ನು ಪುಟವಿನ್ಯಾಸದವರಿಗಾಗಿಯೇ ಮಾಡಿದ್ದಾರೆಂದು ಹಿಗ್ಗಿದೆ. ಆ ಹಿಗ್ಗಿನಲ್ಲೇ ಇದ್ದ ಲೆಕ್ಕದ ತಪ್ಪು ಗೊತ್ತಾದದ್ದು ಬಹಳ ತಡವಾಗಿ.

ಯಂತ್ರದ ನಿಜವಾದ ಸುಖ ಕಂಡದ್ದು ಲೇಖಕರ ಮನೆಗಳಲ್ಲಿ. ನನ್ನ ಲೇಖಕರಲ್ಲಿ ಅನೇಕರು ವಯಸ್ಸಾದವರು; ಕರಡು ತಿದ್ದಲು ಪ್ರತಿ ಸಲ ಮುದ್ರಿಸಿ ಒಯ್ಯುವ ಬದಲು ಯಂತ್ರವನ್ನೇ ಒಯ್ದು ಜಗಲಿಯ ಮೇಲೆ ಪುಸ್ತಕದ ಹಾಗೆ ತೆರೆದಿಡುತ್ತೇನೆ. ಹೊಸನಗರ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಒಂದು ಮಧ್ಯಾಹ್ನ ಕವಳ ಹಾಕಿಕೊಂಡು ಕೂತು ನಲವತ್ತು ಪುಟ ಓದಿ, ಅರ್ಕಾವತ್ತು ಬಿಟ್ಟುಹೋದ ಕಡೆಯೆಲ್ಲ ಪರದೆಯನ್ನು ಬೆರಳಿನಿಂದ ಒತ್ತಿ ತೋರಿಸಿದರು. ಅವರ ತೋರುಬೆರಳಿನಲ್ಲಿ ಸುಣ್ಣವಿತ್ತು. ಹದಿನಾಲ್ಕನೆಯ ಪುಟದಿಂದ ಮುಂದೆ ನಾನು ನೋಡುತ್ತಿದ್ದದ್ದು ಅರ್ಕಾವತ್ತನ್ನಲ್ಲ, ಆ ಬೆರಳನ್ನು. ಕೆಲಸ ಮುಗಿಸಿ ಯಂತ್ರವನ್ನು ಮಡಚಿದಾಗ ಅವರು, “ಅಯ್ಯೋ, ಮುರಿದೇ ಹೋಯ್ತಲ್ಲ ಮಾರಾಯ!” ಎಂದು ಎದ್ದು ನಿಂತರು. ಸುಣ್ಣ ಒದ್ದೆ ಬಟ್ಟೆಗೆ ಹೋಯಿತು, ಆದರೆ ಒಣಗಿದ ಸುಣ್ಣದ ಹರಳು ಉಜ್ಜಿ ಎರಡು ಕೂದಲೆಳೆಯಂತಹ ಗೀರು ಇಂದಿಗೂ ಉಳಿದಿವೆ. ಗಾಜಿನ ಪರದೆಯಾಗಿದ್ದರೆ ಅಷ್ಟಕ್ಕೆ ಗೀರು ಬೀಳುತ್ತಿರಲಿಲ್ಲ.

ಮಳೆಗಾಲದ ಕಥೆ ಬೇರೆ. ನನ್ನ ಯಂತ್ರದಂತಹ ಒಎಲ್‌ಇಡಿ ಪರದೆಯಲ್ಲಿ ಬೆಳಕು ಕೊಡುವ ಸಾವಯವ ಪದಾರ್ಥಕ್ಕೆ ನೀರಾವಿ ಶತ್ರು. ಅದಕ್ಕಾಗಿಯೇ ತಯಾರಕರು ತೆಳುಪದರಗಳ ಮುಚ್ಚಿಗೆ ಹಾಕಿ ಅದನ್ನು ಭದ್ರ ಮಾಡಿರುತ್ತಾರೆ. ಆ ಮುಚ್ಚಿಗೆಗೆ ಪೆಟ್ಟು ಬಿದ್ದರೆ ತೇವ ಒಳನುಗ್ಗಿ ಕಪ್ಪು ಚುಕ್ಕೆಗಳೇಳುತ್ತವೆ. ಆಷಾಢದಲ್ಲಿ ಒಗೆದ ಬಟ್ಟೆ ಎಂಟು ದಿನವಾದರೂ ಒಣಗದ ನಮ್ಮ ಮನೆಯಲ್ಲಿ ಎರಡು ಮಳೆಗಾಲ ಕಳೆದೂ ಒಂದು ಕಪ್ಪು ಚುಕ್ಕೆಯೂ ಕಾಣಿಸಲಿಲ್ಲ ಎಂಬುದನ್ನು ಮೆಚ್ಚುಗೆಯಿಂದಲೇ ಹೇಳುತ್ತೇನೆ. ಹಾಳಾದದ್ದು ಹೊರಗಿನ ಚರ್ಮದಂತಹ ಹೊದಿಕೆ. ಜುಲೈ ತಿಂಗಳಲ್ಲಿ ನಾಲ್ಕು ದಿನ ಚೀಲದಲ್ಲೇ ಬಿಟ್ಟಿದ್ದೆ, ತೆಗೆದು ನೋಡಿದರೆ ಹಳೆಯ ಚಪ್ಪಲಿಯ ಮೇಲೆ ಬರುವಂತೆ ಬೆಳ್ಳಗೆ ಬೂಷ್ಟು. ಈಗ ರಾತ್ರಿ ಹೊತ್ತು ಅದರ ವಾಸ ಸಣ್ಣ ಬಲ್ಬು ಉರಿಯುವ ಮರದ ಬೀರುವಿನಲ್ಲಿ, ಹಳೆಯ ಕ್ಯಾಮೆರಾದ ಪಕ್ಕದಲ್ಲಿ.

ಹುಳುಗಳ ವಿಷಯವನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಮುಂಗಾರು ಹಿಡಿದ ಮೊದಲ ವಾರ ಕರೆಂಟು ಹೋದಾಗ ಇಡೀ ಮನೆಯಲ್ಲಿ ಇದೊಂದೇ ದೊಡ್ಡ ಬೆಳಕು, ಆದ್ದರಿಂದ ಅಂಗಳದ ರೆಕ್ಕೆಹುಳುಗಳೆಲ್ಲ ಇದರ ಮೇಲೆಯೇ. ಒಂದು ರಾತ್ರಿ ಅವಸರದಲ್ಲಿ ಒರೆಸದೆ ಮಡಚಿಟ್ಟೆ. ಬೆಳಿಗ್ಗೆ ಬಿಚ್ಚಿದಾಗ ಬಲಭಾಗದಲ್ಲಿ ಗಟ್ಟಿ ಬೆನ್ನಿನ ಸಣ್ಣ ಹುಳವೊಂದು ಅಪ್ಪಚ್ಚಿಯಾಗಿತ್ತು. ಅದನ್ನು ತೆಗೆದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಗುಳಿ. ಬಿಳಿಯ ಪುಟ ತೆರೆದಾಗ ಅದು ಅನುಸ್ವಾರದಂತೆ ಕಾಣುತ್ತದೆ. ಮೊದಮೊದಲು ಎರಡು ಸಲ ಅದನ್ನು ಅಳಿಸಲು ಹೋಗಿದ್ದೇನೆ.

ಬ್ಯಾಟರಿಯ ಬಗ್ಗೆ ದೂರು ಹೇಳುವ ಮುನ್ನ ನನ್ನ ಕೆಲಸದ ಗುಣವನ್ನೂ ಹೇಳಬೇಕು. ಒಎಲ್‌ಇಡಿಯಲ್ಲಿ ಪ್ರತಿ ಬಿಂದುವೂ ತಾನೇ ಬೆಳಗುವುದರಿಂದ ಕಪ್ಪು ಹಿನ್ನೆಲೆಗೆ ಕಡಿಮೆ ವಿದ್ಯುತ್ತು ಸಾಕು, ಬಿಳಿಯದಕ್ಕೆ ಹೆಚ್ಚು ಬೇಕು. ದಿನವಿಡೀ ಬಿಳಿಯ ಪುಟ ನೋಡುವವನಿಗೆ ಪೂರ್ತಿ ಬಿಚ್ಚಿದ ಪರದೆ ನಾಲ್ಕೂವರೆ ಗಂಟೆ ಬಂದರೆ ಪುಣ್ಯ. ಮಡಚಿ ಅರ್ಧ ಪರದೆಯಲ್ಲಿ ಬರೀ ಅಕ್ಷರ ಜೋಡಿಸುವಾಗ ಇನ್ನೂ ಒಂದೂವರೆ ಗಂಟೆ ಹೆಚ್ಚು. ಸಲಕರಣೆಗಳ ಪಟ್ಟಿ ಸದಾ ಒಂದೇ ಕಡೆ ನಿಂತಿರುವುದರಿಂದ ಅದರ ನೆರಳು ಪರದೆಯಲ್ಲಿ ಅಚ್ಚೊತ್ತೀತೆಂಬ ಹೆದರಿಕೆ ಇತ್ತು. ಇದುವರೆಗೆ ಹಾಗಾಗಿಲ್ಲ, ಆದರೂ ವಾರಕ್ಕೊಮ್ಮೆ ಪಟ್ಟಿಯನ್ನು ಎಡದಿಂದ ಬಲಕ್ಕೆ ಬದಲಿಸುತ್ತೇನೆ.

ತೀರಾ ಬೇಸರ ತರಿಸಿದ್ದು ಯಂತ್ರದ ಜೊತೆ ಪ್ರತ್ಯೇಕವಾಗಿ ಬರುವ ಕೀಲಿಮಣೆ. ಹದಿನೈದನೆಯ ತಿಂಗಳಿಗೆ ಅದರ ಸ್ಪೇಸ್ ಪಟ್ಟಿ ಒಂದು ಬದಿಯಲ್ಲಿ ಸತ್ತಿತು. ಶಿವಮೊಗ್ಗದ ರಿಪೇರಿ ಕೇಂದ್ರದವರು ಯಂತ್ರವನ್ನು ನೋಡಿದ್ದೇ ಮೊದಲ ಸಲವಂತೆ; ಕುತೂಹಲದಿಂದ ನಾಲ್ಕು ಸಲ ಮಡಚಿ ಬಿಚ್ಚಿ, ಭಾಗ ಸಿಗುವುದಿಲ್ಲವೆಂದು ಹಿಂದಿರುಗಿಸಿದರು. ಬೆಂಗಳೂರಿನಿಂದ ಮೂರು ತಿಂಗಳು ಉತ್ತರವೇ ಬರಲಿಲ್ಲ. ಪರದೆಯೇ ಹೋದರೆ ಎಷ್ಟಾದೀತೆಂದು ಕೇಳಿದಾಗ ರಿಪೇರಿಯವರು ಹೇಳಿದ ಮೊತ್ತ ನಾನು ಇಡೀ ಯಂತ್ರಕ್ಕೆ ಕೊಟ್ಟದ್ದಕ್ಕಿಂತ ಹೆಚ್ಚಿತ್ತು. ಈಗ ಎಂಟುನೂರು ರೂಪಾಯಿಯ ತಂತಿ ಕೀಲಿಮಣೆಯಲ್ಲಿ ಅಕ್ಷರ ಜೋಡಿಸುತ್ತಿದ್ದೇನೆ. ಹೋಲಿಸಿದರೆ ಯಂತ್ರ ಮಡಚಿಕೊಳ್ಳುವ ತಿರುಗಣಿ (ಹಿಂಜ್) ಗಟ್ಟಿಯಾಗಿದೆ. ಆಸುಸ್ ತನ್ನ ಫೋಲ್ಡ್ ಯಂತ್ರದ ತಿರುಗಣಿಯನ್ನು 30,000 ಬಾರಿ ಮಡಚಿ ಬಿಚ್ಚಿ ಪರೀಕ್ಷಿಸಿರುವುದಾಗಿ ಹೇಳಿದೆ. ಯಾವ ತಿರುಗಣಿಯಾದರೂ ಅಷ್ಟು ತಡೆದರೆ ದಿನಕ್ಕೆ ಹತ್ತು ಸಲದಂತೆ ಎಂಟು ವರ್ಷ ಬಾಳಬೇಕು. ನಾನು ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಮಡಚುವುದಿಲ್ಲ.

ಈಗ ಆ ಲೆಕ್ಕದ ತಪ್ಪಿಗೆ ಬರುತ್ತೇನೆ. ಕಳೆದ ಮಳೆಗಾಲದಲ್ಲಿ ಶಿವಮೊಗ್ಗದ ಸ್ನೇಹಿತರೊಬ್ಬರ ಎರಡು ಪರದೆಯ ಲ್ಯಾಪ್‌ಟಾಪ್ ಹದಿನೈದು ದಿನ ನನ್ನ ಬಳಿ ಇತ್ತು. 2024ರಲ್ಲಿ ಬಂದ ಜೆನ್‌ಬುಕ್ ಡ್ಯುಯೊ ಮಾದರಿಯ ಈ ಯಂತ್ರಗಳಲ್ಲಿ ಪರದೆ ಮಡಚುವುದಿಲ್ಲ. 14 ಇಂಚಿನ ಎರಡು ಗಟ್ಟಿ ಪರದೆಗಳನ್ನು ತಿರುಗಣಿಯಿಂದ ಜೋಡಿಸಿರುತ್ತಾರೆ. ಅದನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿದರೆ ಒಂದೊಂದು ಪರದೆಯೂ ಏಳೂಕಾಲು ಇಂಚಿಗಿಂತ ಅಗಲ, ಹನ್ನೊಂದೂವರೆ ಇಂಚಿಗಿಂತ ಎತ್ತರ. ಡೆಮಿಯ ಎಡಪುಟ ಎಡ ಪರದೆಯಲ್ಲಿ, ಬಲಪುಟ ಬಲ ಪರದೆಯಲ್ಲಿ, ನಿಜ ಗಾತ್ರದಲ್ಲೇ ಸಲೀಸಾಗಿ ಕೂತವು. ನಡುವಿನ ಕಪ್ಪು ಅಂಚು ಬಿದ್ದದ್ದೂ ಅದೇ ಹೊಲಿಗೆಯ ಜಾಗದಲ್ಲಿ. ಗೆರೆ ನನಗೆ ತೊಂದರೆ ಕೊಡುವುದಿಲ್ಲ ಎಂದು ಹಿಗ್ಗಿದ್ದ ನಾನು, ನಡುವೆ ಏನಿದ್ದರೂ ತೊಂದರೆಯಿಲ್ಲದವನಿಗೆ ಅಖಂಡ ಪರದೆ ಏಕೆ ಬೇಕು ಎಂದು ಕೇಳಿಕೊಂಡಿರಲೇ ಇಲ್ಲ. ಆ ಯಂತ್ರ ನಮ್ಮಲ್ಲಿ ಒಂದು ಲಕ್ಷ ಅರುವತ್ತು ಸಾವಿರದ ಆಸುಪಾಸಿನಿಂದ ಆರಂಭವಾಗಿತ್ತು, ಅಂದರೆ ಮಡಚುವ ಯಂತ್ರದ ಅರ್ಧ ಬೆಲೆ.

ಅಖಂಡ ಪರದೆಯೇ ಬೇಕಾಗುವ ಕೆಲಸಗಳೂ ಇವೆ. ಹಿಂಬದಿ, ಬೆನ್ನು, ಮುಂಬದಿ ಮೂರೂ ಒಂದೇ ಹಾಳೆಯಲ್ಲಿ ಬರುವ ರಕ್ಷಾಪುಟವನ್ನು ಕಪ್ಪು ಅಂಚು ಬೆನ್ನ ಮೇಲೆಯೇ ಕೂತ ಪರದೆಯಲ್ಲಿ ಮಾಡಲಾಗದು. ಶರಾವತಿ ಹಿನ್ನೀರಿನ ನಕಾಶೆಯೊಂದನ್ನು ಎರಡು ಪುಟಕ್ಕೆ ಹರಡಬೇಕಾಗಿ ಬಂದಾಗಲೂ ಮಡಚುವ ಪರದೆಯೇ ಆಯಿತು. ಇಂತಹವು ನನ್ನ ಪಾಲಿಗೆ ತಿಂಗಳಿಗೆ ಮೂರೋ ನಾಲ್ಕೋ. ವಾಸ್ತುವಿನ್ಯಾಸದವರಿಗೆ, ಭೂಮಾಪನದ ನಕಾಶೆ ನೋಡುವವರಿಗೆ, ದೊಡ್ಡ ಚಿತ್ರಗಳನ್ನು ತಿದ್ದುವವರಿಗೆ ಅದು ದಿನದ ಕೆಲಸ. ರಿಪೇರಿಗೆ ಬೆಂಗಳೂರಿಗೆ ಓಡಬಲ್ಲವರಾದರೆ ಅವರು ಕೊಳ್ಳಲಿ. ಇದನ್ನು ಮಾರುವ ವಿಚಾರ ನನಗಿಲ್ಲ, ಹುಳದ ಗುಳಿಗೂ ಸುಣ್ಣದ ಗೀರಿಗೂ ಬೆಲೆ ಕಟ್ಟಿಸಿಕೊಂಡು ಬರುವ ಉತ್ಸಾಹವೂ ಇಲ್ಲ. ರಕ್ಷಾಪುಟಕ್ಕೆ ಇದು ಬೀರುವಿನಲ್ಲಿರಲಿ, ಒಳಪುಟಗಳಿಗೆ ಎರಡು ಪರದೆಯದು ಬರಲಿ ಎಂದುಕೊಂಡಿದ್ದೇನೆ, ಅಡಿಕೆ ದುಡ್ಡು ಕೈಸೇರಿದ ಮೇಲೆ.