ಸೈಕಲ್ ದೀಪ: ಡೈನಮೋ, ಚಾರ್ಜಿನ ಲೈಟು, ಸೆಲ್ಲಿನ ಲೈಟು

ಬಾಟಲಿ ಡೈನಮೋ, ಹಬ್ ಡೈನಮೋ, ಯುಎಸ್‌ಬಿ ಚಾರ್ಜಿನ ಲೈಟು, ಎಎ ಸೆಲ್ಲಿನ ಲೈಟು. ನಾಲ್ಕನ್ನೂ ಮಳೆಯಲ್ಲಿ, ಬೀದಿದೀಪವಿಲ್ಲದ ದಾರಿಯಲ್ಲಿ ಓಡಿಸಿ ನೋಡಿ ಮಾಡಿದ ಹೋಲಿಕೆ ಇದು. ಬೆಳಕು ಎಷ್ಟಿದೆ ಎನ್ನುವುದಕ್ಕಿಂತ ದೀಪ ಯಾವಾಗ, ಹೇಗೆ ಕೈಕೊಡುತ್ತದೆ ಎನ್ನುವುದನ್ನೇ ಇಲ್ಲಿ ಅಳತೆಗೋಲು ಮಾಡಿಕೊಂಡಿದ್ದೇವೆ. ಮುಂದಿನ ದೀಪ ಆರಿದರೆ ಕೂಡಲೇ ತಿಳಿಯುತ್ತದೆ. ಹಿಂದಿನದು ಆರಿದರೆ ಮನೆ ಸೇರುವ ತನಕ ಗೊತ್ತೇ ಆಗುವುದಿಲ್ಲ.

ಬಾಟಲಿ ಡೈನಮೋ ಟೈರಿನ ಪಕ್ಕಕ್ಕೆ ಒತ್ತಿಕೊಂಡು ತಿರುಗಿ ಕರೆಂಟು ಹುಟ್ಟಿಸುತ್ತದೆ. ಚಾರ್ಜಿನ ಗೊಡವೆಯಿಲ್ಲ, ಯಾವ ಸೈಕಲ್ಲಿಗೂ ಕೂರುತ್ತದೆ. ಮಳೆ ಬಿದ್ದರೆ ಮಾತ್ರ ಡೈನಮೋದ ಪುಟ್ಟ ಗಾಲಿ ಟೈರಿನ ಮೇಲೆ ಜಾರಿ ಬೆಳಕು ಕುಗ್ಗುತ್ತದೆ, ಬೇಕಾದ ಹೊತ್ತಿಗೇ. ಜಾರುವುದಕ್ಕೆ ಅರ್ಧ ಕಾರಣ ಜೋಡಣೆಯ ತಪ್ಪು: ಡೈನಮೋದ ನಡುಗಂಬಿಯ ಗೆರೆಯನ್ನು ಮುಂದಕ್ಕೆಳೆದರೆ ಅದು ಚಕ್ರದ ಆಕ್ಸಲ್ಲಿನ ಮಧ್ಯಕ್ಕೇ ಹೋಗಬೇಕು. ಸ್ವಲ್ಪ ಓರೆಯಾದರೂ ಟೈರಿನ ಬದಿ ಸವೆಯುತ್ತದೆ, ಶಬ್ದವೂ ಜಾಸ್ತಿ. ಇನ್ನೊಂದು ಕಾಟ ಒಂಟಿ ವೈರು. ಕರೆಂಟು ವಾಪಸ್ ಬರುವುದು ಫ್ರೇಮಿನ ಮೂಲಕ. ಹಾಗಾಗಿ ಕ್ಲಾಂಪಿನ ಚೂಪು ಸ್ಕ್ರೂ ಬಣ್ಣ ಕೊರೆದು ಲೋಹ ಮುಟ್ಟದಿದ್ದರೆ, ಇಲ್ಲವೇ ಅಲ್ಲಿ ತುಕ್ಕು ಕಟ್ಟಿದರೆ, ದೀಪ ಮಿಣುಕುತ್ತದೆ. ಬಲ್ಬು ಬದಲಿಸಿ ದುಡ್ಡು ಕಳೆಯುವ ಮೊದಲು ಎರಡೆಳೆ ವೈರು ಎಳೆದು ನೋಡಿ.

ಹಬ್ ಡೈನಮೋ ಮುಂಚಕ್ರದ ನಡುವೆಯೇ ಕೂರುವುದರಿಂದ ಜಾರುವ ಮಾತೇ ಇಲ್ಲ. ಸಾಮಾನ್ಯವಾಗಿ ಸಿಗುವುದು 6 ವೋಲ್ಟ್, 3 ವ್ಯಾಟಿನದು. ಗಂಟೆಗೆ 15 ಕಿ.ಮೀ. ವೇಗಕ್ಕೆ ಆ ಶಕ್ತಿ ಸಿಗುತ್ತದೆ. ತೀರಾ ನಿಧಾನಕ್ಕೆ ಹೋದರೆ ಎಲ್‌ಇಡಿ ಅದುರುತ್ತದೆ, ವೇಗ ಕೂಡಿದಂತೆ ನೆಲೆಗೊಳ್ಳುತ್ತದೆ. ನಿಂತಾಗ ಆರಬಾರದೆಂದರೆ ಒಳಗೆ ಕೆಪಾಸಿಟರ್ (ಸ್ವಲ್ಪ ಕರೆಂಟು ಕೂಡಿಡುವ ಭಾಗ) ಇರುವ ದೀಪವನ್ನೇ ಕೊಳ್ಳಬೇಕು. ಸಿಗ್ನಲ್ಲಿನಲ್ಲಿ ಕೆಲವು ನಿಮಿಷ ಅದು ಸಣ್ಣಗೆ ಉರಿಯುತ್ತಿರುತ್ತದೆ. ತುಳಿಯುವಾಗ ಭಾರ ಗೊತ್ತಾಗುವುದಿಲ್ಲ ಎಂದೇ ಹೇಳಬಹುದು.

ಇದರ ಕಷ್ಟ ಬೇರೆ. ಹಳೇ ಚಕ್ರಕ್ಕೆ ಹಾಕಿಸಿದರೆ ಹಬ್ಬಿನ ಅಂಚು ದೊಡ್ಡದಾದ್ದರಿಂದ ಹಳೇ ಕಡ್ಡಿಗಳ ಉದ್ದ ಹೊಂದುವುದಿಲ್ಲ. ಚಕ್ರವನ್ನೇ ಹೊಸದಾಗಿ ಕಟ್ಟಿಸಬೇಕು. ಪಂಕ್ಚರಿಗೆ ಚಕ್ರ ಬಿಚ್ಚುವಾಗ ಮೊದಲು ಕನೆಕ್ಟರ್ ಕೀಳಬೇಕು. ಮರೆತರೆ ವೈರು ಅಲ್ಲೇ ಹರಿಯುತ್ತದೆ, ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ಒಳಗೆ, ಕಣ್ಣಿಗೆ ಕಾಣದಂತೆ. ಹಿಂದಿನ ದೀಪದ ವೈರನ್ನು ಮುಂದಿನ ದೀಪದಲ್ಲಿ ಅದಕ್ಕೆಂದೇ ಕೊಟ್ಟ ಜಾಗದಿಂದ ಎಳೆಯಿರಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ವೈರು ಬಿಗಿಯಾಗದಷ್ಟು ಸಡಿಲ ಬಿಟ್ಟ ಮೇಲೇ ಟೈ ಹಾಕಿ. ಮಡ್‌ಗಾರ್ಡಿನ ಅಂಚಿಗೆ ಉಜ್ಜುವ ಕಡೆ ಒಂದು ತುಂಡು ರಬ್ಬರ್ ಟ್ಯೂಬ್ ತೊಡಿಸಿ.

ಚಾರ್ಜಿನ ಲೈಟು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಪ್ರಖರ. ಡಬ್ಬಿಯ ಮೇಲಿನ ಗಂಟೆಗಳ ಲೆಕ್ಕವನ್ನು ಮಾತ್ರ ನಂಬಬೇಡಿ. ಬಹಳ ಸಲ ಅದು ಮಿನುಗುವ ಮೋಡಿನದು. ನೀವೇ ಲೆಕ್ಕ ಹಾಕಿ: 3,000 ಎಂಎಎಚ್‌ನ ಒಂದು 18650 ಸೆಲ್ಲಿನಲ್ಲಿ (ಇಂಥ ಲೈಟುಗಳೊಳಗಿನ ಲಿಥಿಯಂ ಸೆಲ್ಲು), 3.7 ವೋಲ್ಟಿನಂತೆ, ಸುಮಾರು 11 ವ್ಯಾಟ್‌ಅವರ್ ಇರುತ್ತದೆ. ಲೈಟು 8 ವ್ಯಾಟ್ ಎಳೆದರೆ ಒಂದೂಕಾಲು ಗಂಟೆ ದಾಟುವುದು ಕಷ್ಟ, 2 ವ್ಯಾಟಿಗೆ ಇಳಿಸಿದರೆ ಐದು ಗಂಟೆ. ಸೆಲ್ಲು ಹಳತಾದಂತೆ ಇದೂ ಕರಗುತ್ತದೆ, ಮತ್ತು ಒಳಗೇ ಸೇರಿಸಿಟ್ಟ ಸೆಲ್ಲನ್ನು ಬದಲಿಸಲಾಗುವುದಿಲ್ಲ. ಬೇಗ ಹಾಳಾಗುವ ಭಾಗ ಚಾರ್ಜಿನ ತೂತನ್ನು ಮುಚ್ಚುವ ರಬ್ಬರ್. ಅದು ಸಡಿಲಾದರೆ ಐಪಿಎಕ್ಸ್4 (ನೀರು ಎರಚಿದರೂ ತಡೆಯುತ್ತದೆ) ಎಂದು ಬರೆದದ್ದಕ್ಕೆ ಅರ್ಥವಿಲ್ಲ. ಒಳಗೆ ತೇವವಿದ್ದಾಗ ಚಾರ್ಜಿಗೆ ಹಾಕಿದರೆ ಪಿನ್ನು ಹಸಿರುಗಟ್ಟುತ್ತದೆ.

ಎಎ ಸೆಲ್ಲಿನ ಲೈಟು ಮಂಕು, ಸ್ವಲ್ಪ ದಪ್ಪ. ಆದರೂ ಹಿಂದಿನ ದೀಪಕ್ಕೆ ನಮ್ಮ ಮೊದಲ ಆಯ್ಕೆ ಇದೇ: ಜೇಬಿನಲ್ಲಿ ಎರಡು ಸೆಲ್ಲಿದ್ದರೆ ಅರ್ಧ ನಿಮಿಷದಲ್ಲಿ ಮತ್ತೆ ಉರಿಯುತ್ತದೆ. ರೀಚಾರ್ಜಬಲ್ ನಿಕ್ಕಲ್ ಸೆಲ್ಲು 1.2 ವೋಲ್ಟಿನದು, ಬಹುತೇಕ ಲೈಟುಗಳಿಗೆ ಸಾಕು. ಹಳೇ ಸೆಲ್ಲಿನ ಜೊತೆ ಹೊಸದನ್ನು ಸೇರಿಸಬೇಡಿ. ಬಡವಾದದ್ದು ಪೂರ್ತಿ ಬರಿದಾದ ಮೇಲೂ ಹೊಸದು ಅದರ ಮೂಲಕ ಕರೆಂಟು ತಳ್ಳುತ್ತದೆ, ಅದು ಸೋರುತ್ತದೆ. ರಸ್ತೆಯ ಗುಂಡಿ ಹಾರಿದಾಗ ಲೈಟು ಆರುತ್ತಿದ್ದರೆ ಸ್ಪ್ರಿಂಗ್ ಸೋತಿದೆ ಎಂದರ್ಥ. ಅದನ್ನು ಒಂಚೂರು ಎಳೆದು ಉದ್ದ ಮಾಡಿ. ಆಲ್ಕಲೈನ್ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಹತ್ತಿಯಲ್ಲಿ ವಿನೆಗರ್ ಅದ್ದಿ ಒರೆಸಿ, ಒಣಗಿಸಿ.

ಇನ್ನು ಬೆಳಕಿನ ಆಕಾರ. ಲೂಮೆನ್ ಎಂದರೆ ಒಟ್ಟು ಬೆಳಕು, ಲಕ್ಸ್ ಎಂದರೆ ಒಂದು ಜಾಗದ ಮೇಲೆ ಬಿದ್ದದ್ದು. ಟಾರ್ಚಿನಂತೆ ದುಂಡಗೆ ಚೆಲ್ಲುವ ಲೈಟಿನ ಬೆಳಕು ಅರ್ಧಕ್ಕರ್ಧ ಮರದೆಲೆಗೂ ಎದುರಿನವರ ಕಣ್ಣಿಗೂ ಹೋಗುತ್ತದೆ. ಕಾರಿನ ಹೆಡ್‌ಲೈಟಿನಂತೆ ಬೆಳಕಿನ ಮೇಲಂಚು ಕತ್ತರಿಸಿದ ಲೈಟು ಕಡಿಮೆ ಲೂಮೆನ್ನಿನಲ್ಲೇ ರಸ್ತೆ ತೋರಿಸುತ್ತದೆ. ಜರ್ಮನಿಯ ಸಂಚಾರ ನಿಯಮ ಇಂಥದ್ದನ್ನೇ ಕೇಳುತ್ತದೆ. ಕೂರಿಸುವುದು ಹೀಗೆ: ಗೋಡೆಯಿಂದ 5 ಮೀಟರ್ ದೂರ ಸೈಕಲ್ ನಿಲ್ಲಿಸಿ, ಲೈಟು ನೆಲದಿಂದ 1 ಮೀಟರ್ ಎತ್ತರದಲ್ಲಿದ್ದರೆ ಬೆಳಕಿನ ನಡುಭಾಗ ಗೋಡೆಯ ಮೇಲೆ 50 ಸೆಂ.ಮೀ. ಎತ್ತರಕ್ಕೆ ಬೀಳಲಿ. ಆಗ ಅದು 10 ಮೀಟರ್ ಮುಂದೆ ನೆಲ ಮುಟ್ಟುತ್ತದೆ. ಫೋರ್ಕಿನ ಮೇಲೆ, ತಗ್ಗಿನಲ್ಲಿ ಕೂರಿಸಿದರೆ ಗುಂಡಿಗಳ ನೆರಳು ಉದ್ದವಾಗಿ ಎದ್ದು ಕಾಣುತ್ತದೆ. ಹೆಲ್ಮೆಟ್ಟಿನ ಮೇಲಿಟ್ಟರೆ ಬೆಳಕು ಕಣ್ಣಿನ ಸಾಲಿನಿಂದಲೇ ಹೊರಡುವುದರಿಂದ ನೆರಳು ಅಳಿಸಿ ಗುಂಡಿಯೂ ಸಪಾಟಾಗಿ ತೋರುತ್ತದೆ. ತಿರುವಿನಲ್ಲಿ ಅದು ಉಪಯೋಗಿ, ಒಂದೇ ದೀಪವಾಗಿ ಸಾಲದು.

ಮಿನುಗಬೇಕೋ, ಒಂದೇ ಸಮ ಉರಿಯಬೇಕೋ? ಜರ್ಮನಿಯಲ್ಲಿ ಸೈಕಲ್ ದೀಪ ಮಿನುಗುವಂತಿಲ್ಲ. ಬ್ರಿಟನ್ನಿನಲ್ಲಿ 2005ರಿಂದ ನಿಮಿಷಕ್ಕೆ 60ರಿಂದ 240 ಸಲ ಮಿನುಗುವುದಕ್ಕೆ ಒಪ್ಪಿಗೆಯಿದೆ. ಹಿಂದೆ ನಿಂತು ನೋಡಿದರೆ ಎರಡೂ ಕಡೆಯ ತರ್ಕ ತಿಳಿಯುತ್ತದೆ. ಮಿನುಗು ಬೇಗ ಕಣ್ಣಿಗೆ ಬೀಳುತ್ತದೆ, ಆದರೆ ಎಷ್ಟು ದೂರದಲ್ಲಿದೆ, ಯಾವ ಕಡೆ ಸರಿಯುತ್ತಿದೆ ಎಂದು ಅಂದಾಜಿಗೆ ಸಿಗುವುದಿಲ್ಲ. ಹಿಂದೆ ಎರಡು ದೀಪವಿದ್ದರೆ ಒಂದನ್ನು ಸ್ಥಿರವಾಗಿಡಿ, ಇನ್ನೊಂದು ಸಣ್ಣಗೆ ಮಿನುಗಲಿ. ಒಂದೇ ಇದ್ದರೆ ಸ್ಥಿರವೇ ಸರಿ. ಕತ್ತಲ ದಾರಿಯಲ್ಲಿ ಮುಂದಿನ ಪ್ರಖರ ಲೈಟನ್ನು ಮಿನುಗಿಸುವುದು ಎದುರಿನವರಿಗೆ ಬರೀ ಹಿಂಸೆ.

ರಿಫ್ಲೆಕ್ಟರ್ ದೀಪಕ್ಕೆ ಬದಲಿಯಲ್ಲ. ಬಿದ್ದ ಬೆಳಕನ್ನು ಅದು ಬಂದ ದಿಕ್ಕಿಗೇ ತಿರುಗಿಸುತ್ತದೆ, ಅಷ್ಟೇ. ಅಡ್ಡರಸ್ತೆಯಿಂದ ಬರುವ ವಾಹನದ ಬೆಳಕು ನಿಮ್ಮ ಮೇಲೆ ಬೀಳುವ ಹೊತ್ತಿಗೆ ನೀವು ಅದರ ಎದುರಿಗೇ ಇರುತ್ತೀರಿ. ಆದರೆ ಅದಕ್ಕೆ ಸೆಲ್ಲು ಬೇಡ, ಮರೆವೂ ತಟ್ಟದು. ಪೆಡಲ್ಲಿನ ಹಳದಿ ರಿಫ್ಲೆಕ್ಟರನ್ನು ಕಿತ್ತುಹಾಕುವವರು ಒಳ್ಳೆಯದನ್ನೇ ಕಳೆದುಕೊಳ್ಳುತ್ತಾರೆ. ಮೇಲೆ ಕೆಳಗೆ ಆಡುವ ಎರಡು ಚುಕ್ಕೆಗಳನ್ನು ಕಂಡೊಡನೆ ಯಾರೋ ತುಳಿಯುತ್ತಿದ್ದಾರೆ ಎಂದು ಕಣ್ಣು ಗುರುತಿಸುತ್ತದೆ. ಕಣಕಾಲಿಗೂ ಮಂಡಿಗೂ ಪ್ರತಿಫಲಕ ಪಟ್ಟಿ ಕಟ್ಟಿದರೆ ಬರೀ ಜಾಕೆಟ್ಟಿಗಿಂತ ಹೆಚ್ಚು ಫಲವಿರುವುದು ಇದೇ ಕಾರಣಕ್ಕೆ. ಗಿಳಿಹಸಿರು, ಕಿತ್ತಳೆಯ ಫ್ಲೋರೊಸೆಂಟ್ ಬಟ್ಟೆ ಹೊಳೆಯುವುದು ಬಿಸಿಲಿನ ಅತಿನೇರಳೆ ಕಿರಣದಿಂದ. ರಾತ್ರಿ ಅದರ ಮೇಲಿನ ಬೆಳ್ಳಿಪಟ್ಟಿಗಷ್ಟೇ ಬೆಲೆ.

ದಿನಾ ಕತ್ತಲಲ್ಲಿ ಓಡಾಡುವವರಿಗೆ ಹಬ್ ಡೈನಮೋ, ಮೇಲಂಚು ಕತ್ತರಿಸಿದ ದೀಪ, ಜೊತೆಗೆ ಹಿಂದೆ ಒಂದು ಎಎ ಲೈಟು. ವಾರಕ್ಕೊಮ್ಮೆ ಸಂಜೆ ತಡವಾಗುವವರಿಗೆ ಚಾರ್ಜಿನ ಲೈಟು ಸಾಕು, ಹಿಂದಿನದು ಮಾತ್ರ ಎರಡಿರಲಿ, ಎರಡೂ ಒಂದೇ ದಿನ ಚಾರ್ಜಾದವು ಆಗಿರದಿರಲಿ. ಬಾಟಲಿ ಡೈನಮೋ ಈಗಾಗಲೇ ಇದ್ದವರು ವೈರು ಸರಿಮಾಡಿ ಇಟ್ಟುಕೊಳ್ಳಿ, ಹೊಸದಾಗಿ ಕೊಳ್ಳಬೇಡಿ. ಎಲ್ಲ ಕೂರಿಸಿದ ಮೇಲೆ ಚೀಲ ಹೇರಿ, ಉದ್ದ ಅಂಗಿ ತೊಟ್ಟ ಒಬ್ಬರನ್ನು ಸೀಟಿನ ಮೇಲೆ ಕೂರಿಸಿ, 30 ಮೀಟರ್ ಹಿಂದೆ ಹೋಗಿ ಬಗ್ಗಿ ನೋಡಿ. ಸೀಟ್ ಪೋಸ್ಟಿನ ದೀಪ ಅಂಗಿಯ ಚುಂಗಿನ ಹಿಂದೆ ಮರೆಯಾಗಿರುವುದು, ಇಲ್ಲವೇ ವಾಲಿಕೊಂಡು ನೆಲಕ್ಕೆ ಬೆಳಕು ಚೆಲ್ಲುತ್ತಿರುವುದು ಆಗ ಕಾಣುತ್ತದೆ. ಹಾಗಿದ್ದರೆ ಅದನ್ನು ಬಿಚ್ಚಿ ಕ್ಯಾರಿಯರಿನ ಹಿಂದಂಚಿಗೆ, ನೆಟ್ಟಗೆ ಕಟ್ಟಿ.